54 ಮೆಟ್ಟಿಲು ಮತ್ತು ಒಂದು ಮಡಚುವ ಸೈಕಲ್

ನಮ್ಮ ಮನೆ ಬೆಂಗಳೂರಿನ ಹನುಮಂತನಗರದಲ್ಲಿ, ಮೂರನೇ ಮಹಡಿ, ಲಿಫ್ಟ್ ಇಲ್ಲ. ಮೆಟ್ಟಿಲು 54. ಏಳು ವರ್ಷದಿಂದ ಹತ್ತಿ ಇಳಿಯುತ್ತಿದ್ದರೂ ಎಣಿಸಿದ್ದು ಸೈಕಲ್ ತಂದ ದಿನ. ಕೈಯಲ್ಲಿ ಹದಿಮೂರೂವರೆ ಕೆಜಿ ಇದ್ದರೆ ಎಣಿಕೆ ತಾನಾಗಿಯೇ ಶುರುವಾಗುತ್ತದೆ.

ಕೆಳಗೆ ಇಡೋಣ ಅಂದರೆ ಓನರ್ ಆಂಟಿ ಮೊದಲೇ ಹೇಳಿಬಿಟ್ಟಿದ್ದರು. ಮೆಟ್ಟಿಲ ಕೆಳಗೆ ಅವರ ಸ್ಕೂಟರ್, ಎರಡು ಖಾಲಿ ಸಿಲಿಂಡರ್, ಒಂದು ಹಳೇ ಒರಳುಕಲ್ಲು. "ಸೈಕಲ್ಲು ಗೀಕಲ್ಲು ಇಲ್ಲಿ ಬೇಡಮ್ಮ. ಒಬ್ಬರಿಗೆ ಬಿಟ್ರೆ ಎಲ್ಲರೂ ತಂದು ಇಡ್ತಾರೆ." ಅದರಲ್ಲೂ ನ್ಯಾಯ ಇತ್ತು. ಹಾಗಾಗಿ ಮಡಚುವ ಸೈಕಲ್ಲೇ ಗತಿ ಅಂತಾಯಿತು. ಆಫೀಸು ಶಾಂತಿನಗರದಲ್ಲಿ. ಅಲ್ಲಿ ಮೇಜಿನ ಕೆಳಗೆ ತಳ್ಳಿದರೆ ಯಾರೂ ಕೇಳುವುದಿಲ್ಲ.

ಆಫೀಸಿನ ಒಬ್ಬರು ಹಳೇ ಡಾಹೋನ್ ಮಾರುವವರಿದ್ದರು. ಇಪ್ಪತ್ತು ಇಂಚಿನ ಚಕ್ರ, ಅಲ್ಯೂಮಿನಿಯಂ ಫ್ರೇಮು, ಏಳು ಗೇರು. 14 ಸಾವಿರಕ್ಕೆ ಕೊಟ್ಟರು. ಡಾಹೋನ್ ಅನ್ನುವುದು ಡೇವಿಡ್ ಹಾನ್ ಅವರ ಹೆಸರಿನಿಂದ ಬಂದದ್ದು. ಅವರು ಅಮೆರಿಕದಲ್ಲಿ ಲೇಸರ್ ಮೇಲೆ ಕೆಲಸ ಮಾಡುತ್ತಿದ್ದ ಭೌತವಿಜ್ಞಾನಿ. 1970ರ ದಶಕದ ಪೆಟ್ರೋಲ್ ಬರ ನೋಡಿ ಮಡಚುವ ಸೈಕಲ್ಲಿನ ಹುಚ್ಚು ಹಿಡಿಸಿಕೊಂಡರು. 1982ರಲ್ಲಿ ಕಂಪನಿ ಶುರು ಮಾಡಿದರು. ಲೇಸರ್ ಬಿಟ್ಟು ಸೈಕಲ್ ಹಿಡಿದ ಮನುಷ್ಯ ಅಂದಮೇಲೆ ನನ್ನ ಹುಚ್ಚು ಏನೂ ದೊಡ್ಡದಲ್ಲ ಅಂತ ಮನೆಯಲ್ಲಿ ವಾದ ಮಾಡಿದ್ದೆ. ನಡೆಯಲಿಲ್ಲ.

ಮೊದಲು ನನ್ನ ತಲೆಯಲ್ಲಿ ಇದ್ದದ್ದು ಮೆಟ್ರೋ. ಮಳೆ ಬಂದರೆ ಮಡಚಿ ರೈಲು ಹತ್ತುವುದು. ನಮ್ಮ ಮೆಟ್ರೋದವರು 2022ರ ನವೆಂಬರ್‌ನಲ್ಲಿ ಮಡಚುವ ಸೈಕಲ್ಲಿಗೆ ಅನುಮತಿ ಕೊಟ್ಟಿದ್ದರು, ಕೊನೆಯ ಬೋಗಿಯಲ್ಲಿ. ತೂಕ 15 ಕೆಜಿ ಮೀರಬಾರದು. ಅಳತೆ 60 ಸೆಂ.ಮೀ. ಉದ್ದ, 45 ಅಗಲ, 25 ದಪ್ಪ. ನಾನು ಹೊಲಿಗೆ ಟೇಪು ಹಿಡಿದು ಕೂತೆ. ಇಪ್ಪತ್ತು ಇಂಚಿನ ಚಕ್ರ, ಟೈರು ಸೇರಿ, 48 ಸೆಂ.ಮೀ. ದಾಟಿತು! ಸೈಕಲ್ಲಿನ ಮಾತು ಬಿಡಿ, ಬರೀ ಚಕ್ರವೇ ಆ ಅಳತೆಯಲ್ಲಿ ಹಿಡಿಯುವುದಿಲ್ಲ. ಸಿಂಗಪುರದಲ್ಲಿರುವ ತಮ್ಮನಿಗೆ ಫೋನ್ ಮಾಡಿ ಹೇಳಿದೆ. ಅವನು ನಕ್ಕ. ಅಲ್ಲಿ 120, 70, 40 ಸೆಂ.ಮೀ. ತನಕ ಬಿಡುತ್ತಾರಂತೆ. ಇಪ್ಪತ್ತು ಇಂಚಿನ ಸೈಕಲ್ಲು ಆರಾಮಾಗಿ ಹೋಗುತ್ತದೆ.

ಅಲ್ಲಿಗೆ ಮೆಟ್ರೋ ಕೈಬಿಟ್ಟೆ. ಉಳಿದದ್ದು ಮೆಟ್ಟಿಲು.

ಮೊದಲ ವಾರ ದಿನಕ್ಕೆ ಒಂದು ಸಲ ಹೊತ್ತೆ. ಎರಡನೇ ವಾರ ಎಡ ಮೊಣಕಾಲಿನ ಪಕ್ಕ ನೀಲಿಗಟ್ಟಿತು. ಮಡಚಿದ ಸೈಕಲ್ಲಿನ ಪೆಡಲು ಪ್ರತಿ ಮೆಟ್ಟಿಲಿಗೂ ಅಲ್ಲೇ ತಾಗುತ್ತಿತ್ತು. ಡಾಹೋನ್ ಮಡಚಿದಾಗ ಚೈನು ಹೊರಗಡೆಯೇ ಇರುತ್ತದೆ, ಹಾಗಾಗಿ ಚೂಡಿದಾರದ ಪ್ಯಾಂಟಿಗೆ ಗ್ರೀಸು ಬೇರೆ. ತಮ್ಮ ಹೇಳಿದ: "ಅಕ್ಕಾ, ಹಗುರ ಮಾಡು. ಇಲ್ಲಿ ಜನ ಬರೀ ಫ್ರೇಮ್ ಇಟ್ಕೊಂಡು ಮಿಕ್ಕಿದ್ದೆಲ್ಲ ಬದಲಾಯಿಸ್ತಾರೆ. ಒಂದಂಕಿಗೆ ಇಳಿಸ್ತಾರೆ."

ಒಂದಂಕಿ ಅಂದರೆ ಹತ್ತು ಕೆಜಿಗಿಂತ ಕಡಿಮೆ. ಆ ಮಾತು ತಲೆಯಲ್ಲಿ ಕೂತುಬಿಟ್ಟಿತು.

ಲಗೇಜು ತೂಗುವ ಕೊಕ್ಕೆ ತಕ್ಕಡಿಯೊಂದು ಮನೆಯಲ್ಲಿತ್ತು. ಬಾಲ್ಕನಿಯ ಬಟ್ಟೆ ಒಣಹಾಕುವ ಕಂಬಿಗೆ ನೇತುಹಾಕಿ ತೂಗಿದೆ. 13.6 ಕೆಜಿ. ಕ್ಯಾರಿಯರ್, ಸ್ಟ್ಯಾಂಡು, ಎರಡು ಮಡ್‌ಗಾರ್ಡು ಬಿಚ್ಚಿದೆ. 12.2. ಒಂದು ಭಾನುವಾರದ ಬೆಳಿಗ್ಗೆ, ಒಂದು ಸ್ಪ್ಯಾನರು, ಖರ್ಚು ಸೊನ್ನೆ, 1.4 ಕೆಜಿ ಹೋಯಿತು. ಇಷ್ಟು ಸುಲಭದ ಲಾಭ ಆಮೇಲೆ ಎಲ್ಲೂ ಸಿಗಲಿಲ್ಲ. ಮುಂದಿನ 2.4 ಕೆಜಿಗೆ ನಾಲ್ಕು ತಿಂಗಳು ಹಿಡಿಯಿತು.

ಬಿಡಿ ಭಾಗಗಳನ್ನು ಅಡುಗೆಮನೆಯ ಪುಟ್ಟ ತಕ್ಕಡಿಯಲ್ಲಿ ತೂಗುತ್ತಿದ್ದೆ. ಅದು ನಮ್ಮವರು ಬ್ರೆಡ್ ಮಾಡಲು ಮೈದಾ ತೂಗುವ ತಕ್ಕಡಿ. ಒಂದು ದಿನ ಹಿಟ್ಟಿನಲ್ಲಿ ಕಪ್ಪು ಗೆರೆ ಕಂಡಿತು. ಅವತ್ತಿನಿಂದ ತಕ್ಕಡಿಯ ಮೇಲೆ ಮೊದಲು ಹಳೇ ಪೇಪರ್, ಆಮೇಲೆ ಸೈಕಲ್ಲು ಅಂತ ಮನೆಯಲ್ಲಿ ಕಾನೂನಾಯಿತು.

ಎಲ್ಲ ಬಿಚ್ಚಿ ಫ್ರೇಮು, ಮುಂದಿನ ಚಕ್ರ ಹಿಡಿಯುವ ಫೋರ್ಕು, ಮಡಚುವ ಹ್ಯಾಂಡಲ್ ಕಂಬ ಇಷ್ಟನ್ನೇ ತೂಗಿದಾಗ 4.7 ಕೆಜಿ. ಇದನ್ನು ಮುಟ್ಟುವುದಿಲ್ಲ ಅಂತ ಅವತ್ತೇ ತೀರ್ಮಾನ ಮಾಡಿದೆ. ಹಗುರದ ಹ್ಯಾಂಡಲ್ ಕಂಬಗಳು ಸಿಗುತ್ತವೆ. ತಮ್ಮ ಒಂದರ ಫೋಟೋ ಕಳಿಸಿದ್ದ. ನೋಡಲು ಚಂದ, ಬಂಗಾರದ ಬಣ್ಣ, 200 ಗ್ರಾಂ ಉಳಿಯುತ್ತದೆ. ಆದರೆ ಮಡಚುವ ಸೈಕಲ್ಲಿನಲ್ಲಿ ಎರಡು ಕೀಲು ಇರುತ್ತವೆ. ಒಂದು ಫ್ರೇಮಿನ ಮಧ್ಯೆ, ಇನ್ನೊಂದು ಹ್ಯಾಂಡಲ್ ಕಂಬದ ಬುಡದಲ್ಲಿ. ಬ್ರೇಕ್ ಹಾಕಿದಾಗ ಮೈಯ ಭಾರವೆಲ್ಲ ಆ ಎರಡನೇ ಕೀಲಿನ ಮೇಲೆ ಬೀಳುತ್ತದೆ. ಉದ್ದನೆಯ ಕಂಬ, ಮೇಲೆ ಎರಡು ಕೈ, ಕೆಳಗೆ ಒಂದು ಪುಟ್ಟ ಕೀಲು. ಅದು ಓಡುವಾಗ ಬಿಟ್ಟುಕೊಂಡರೆ ಹಲ್ಲು ಎಣಿಸಬೇಕಾಗುತ್ತದೆ. ಯಾರು ಮಾಡಿದ್ದು ಅಂತ ಗೊತ್ತಿಲ್ಲದ ಕಂಬ ನನಗೆ ಬೇಡ ಅಂದೆ. ಇವತ್ತಿಗೂ ಅದು ಸರಿ ಅಂತಲೇ ಅನ್ನಿಸುತ್ತದೆ. ಇರುವ ಕೀಲುಗಳ ಕ್ಲ್ಯಾಂಪನ್ನು ಮಾತ್ರ ವಾರಕ್ಕೊಮ್ಮೆ ನೋಡುತ್ತೇನೆ. ಲಿವರ್ ಮುಚ್ಚುವಾಗ ಅಂಗೈ ಒತ್ತಿ ನೂಕಬೇಕು, ಅಷ್ಟು ಬಿಗಿ ಇರಬೇಕು. ಒಂದೇ ಬೆರಳಿಗೆ ಮುಚ್ಚಿಕೊಂಡರೆ ಒಳಗಿನ ಬೋಲ್ಟನ್ನು ಸ್ವಲ್ಪ ತಿರುಗಿಸಿ ಬಿಗಿ ಮಾಡಬೇಕು ಅಂತ ಅರ್ಥ.

ಸಾಮಾನು ತರಿಸುವುದೇ ಒಂದು ಕಥೆ. ಈ ಪುಟ್ಟ ಚಕ್ರದ ಭಾಗಗಳು ಬೆಂಗಳೂರಿನ ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಮೊದಲಾದರೆ ಚೀನಾದ ಆನ್‌ಲೈನ್ ಅಂಗಡಿ ಅಲಿಎಕ್ಸ್‌ಪ್ರೆಸ್ಸಿನಲ್ಲಿ ತರಿಸಬಹುದಿತ್ತು. 2020ರ ನವೆಂಬರ್‌ನಲ್ಲಿ ಅದಕ್ಕೆ ನಮ್ಮ ಸರ್ಕಾರದ ನಿಷೇಧ ಬಿತ್ತು. ಹಾಗಾಗಿ ತಮ್ಮನೇ ದಾರಿ. ಅವನು ಸಂಕ್ರಾಂತಿಗೆ ಬಂದಾಗ ಸೂಟ್‌ಕೇಸಿನ ತುಂಬ ಸೈಕಲ್ಲು. ಅಮ್ಮನಿಗೆ ಅಂತ ತಂದದ್ದು ಒಂದು ಪ್ಯಾಕೆಟ್ ಬಾದಾಮಿ. ಅಮ್ಮ ಅದನ್ನು ಈಗಲೂ ಎತ್ತಿ ಆಡುತ್ತಾರೆ.

ಶುರು ಮಾಡಿದ್ದು ಕ್ರ್ಯಾಂಕಿನಿಂದ, ಅಂದರೆ ಪೆಡಲು ಕೂರುವ ತೋಳು ಮತ್ತು ಮುಂದಿನ ಹಲ್ಲುಚಕ್ರ. ಹಳೆಯದು ಕಬ್ಬಿಣದ ಹಲ್ಲುಚಕ್ರ, ಅದರ ಮೇಲೆ ಪ್ಲಾಸ್ಟಿಕ್ ತಟ್ಟೆ, ಒಳಗೆ ಗಟ್ಟಿ ಆಕ್ಸಲ್. ಹೊಸದರ ಆಕ್ಸಲ್ ಒಳಗೆ ಟೊಳ್ಳು, ಬೇರಿಂಗು ಫ್ರೇಮಿನ ಹೊರಗೆ ಕೂರುತ್ತದೆ. ಹಳೇ ಆಕ್ಸಲನ್ನು ಫ್ರೇಮಿನ ಎರಡೂ ಬದಿಗೆ ಹಿಡಿದಿಡುವ ಥ್ರೆಡ್ಡಿನ ಬಟ್ಟಲಿಗೆ ಕಪ್ ಅನ್ನುತ್ತಾರೆ. ಎಡಗಡೆಯ ಕಪ್ ಸುಲಭವಾಗಿ ಬಿಚ್ಚಿತು. ಬಲಗಡೆಯದು ಅಲ್ಲಾಡಲಿಲ್ಲ. ನಾನು ತಿರುಗಿಸಿದೆ. ನಮ್ಮವರು ತಿರುಗಿಸಿದರು. ಸ್ಪ್ಯಾನರಿನ ತುದಿಗೆ ನೀರಿನ ಪೈಪಿನ ತುಂಡು ಸಿಕ್ಕಿಸಿ ಇಬ್ಬರೂ ಸೇರಿ ಜಗ್ಗಿದೆವು. ಅರ್ಧ ಗಂಟೆ ಆದಮೇಲೆ ತಮ್ಮ ವಿಡಿಯೋ ಕಾಲ್‌ನಲ್ಲಿ ನೋಡಿ, "ಅಕ್ಕಾ, ನೀವಿಬ್ರೂ ಅದನ್ನ ಇನ್ನೂ ಟೈಟ್ ಮಾಡ್ತಾ ಇದೀರಿ" ಅಂದ. ಬಲಗಡೆಯ ಕಪ್ಪಿಗೆ ಉಲ್ಟಾ ಥ್ರೆಡ್ಡು. ಪೆಡಲ್ ತುಳಿಯುವಾಗ ತಾನಾಗಿ ಸಡಿಲವಾಗಬಾರದು ಅಂತ ಹಾಗೆ ಮಾಡಿರುತ್ತಾರೆ. ಎಡಗಡೆಯ ಪೆಡಲಿಗೂ ಅದೇ ನಿಯಮ. ಪೆಡಲಿನ ವಿಷಯ ನನಗೆ ಗೊತ್ತಿತ್ತು, ಕಪ್ಪಿನದು ಗೊತ್ತಿರಲಿಲ್ಲ. ನಾವು ಬಿಗಿ ಮಾಡಿದ್ದನ್ನು ಬಿಚ್ಚಲು ಕೊನೆಗೆ ಗ್ಯಾರೇಜಿನ ಹುಡುಗನನ್ನೇ ಕರೆಸಬೇಕಾಯಿತು. 400 ಗ್ರಾಂ ಉಳಿಯಿತು.

ಚಕ್ರದ ವಿಷಯದಲ್ಲಿ ನಾನು ಮಾಡಿದ ತಪ್ಪು ಇದಕ್ಕಿಂತ ದೊಡ್ಡದು.

ಚಕ್ರ ಕೊಳ್ಳುವಾಗ ತಮ್ಮ ಕೇಳಿದ್ದ: "ಮುಂದಿನ ಹಬ್ಬು ಎಷ್ಟು ಅಗಲ?" ಹಬ್ಬು ಅಂದರೆ ಚಕ್ರದ ನಡುವಿನ ಗುಂಬ. ನಾನು ಅಳೆಯಲಿಲ್ಲ. "ಮಾಮೂಲಿ ಇರತ್ತೆ ಕಣೋ" ಅಂದೆ. ಮಾಮೂಲಿ ಸೈಕಲ್ಲಿನ ಮುಂದಿನ ಹಬ್ಬು 100 ಮಿ.ಮೀ. ಡಾಹೋನ್ ಫೋರ್ಕಿನದು 74. ಮಡಚಿದಾಗ ಎರಡು ಚಕ್ರ ಅಕ್ಕಪಕ್ಕ ಬರುತ್ತವಲ್ಲ, ಆಗ ದಪ್ಪ ಕಡಿಮೆ ಆಗಲಿ ಅಂತ ಮುಂದಿನದನ್ನು ಕಿರಿದು ಮಾಡಿದ್ದಾರೆ. ಎಷ್ಟು ಬುದ್ಧಿವಂತಿಕೆ ನೋಡಿ. ನನ್ನ ಹತ್ತಿರ ಮಾತ್ರ ಸಿಂಗಪುರದಿಂದ ವಿಮಾನದಲ್ಲಿ ಬಂದ, ಎಲ್ಲೂ ಕೂರದ ಒಂದು ಹೊಸ ಚಕ್ರ.

74ರ ಹಬ್ಬು ಒಂದನ್ನೇ ಬೇರೆ ತರಿಸಿದೆ. ಅದು ಬರಲು ಮಾರ್ಚ್ ಆಯಿತು. ರಿಮ್ಮು ಅದೇ, ಹಬ್ಬು ಮಾತ್ರ ಬದಲು, ಕಡ್ಡಿಗಳನ್ನು ಬಿಚ್ಚಿ ಮತ್ತೆ ಕಟ್ಟಿದರೆ ಆಯಿತು ಅಂದುಕೊಂಡಿದ್ದೆ. ಹೊಸ ಹಬ್ಬಿನ ತಟ್ಟೆ, ಅಂದರೆ ಕಡ್ಡಿ ಸಿಕ್ಕಿಸುವ ಅಂಚು, ಹಳೆಯದಕ್ಕಿಂತ ಚಿಕ್ಕದು. ಅಂದರೆ ಕಡ್ಡಿ ಇನ್ನೂ ಉದ್ದ ಬೇಕು. ಉದ್ದದ ಕಡ್ಡಿಯನ್ನು ಕತ್ತರಿಸಬಹುದು, ಗಿಡ್ಡ ಕಡ್ಡಿಯನ್ನು ಎಳೆದು ಉದ್ದ ಮಾಡಲು ಆಗುತ್ತದಾ? ಬೆಂಗಳೂರಿನ ಐಷಾರಾಮಿ ಸೈಕಲ್ ಅಂಗಡಿಗಳಲ್ಲಿ ಕೇಳಿದೆ. ದೊಡ್ಡ ಚಕ್ರದ ಕಡ್ಡಿ ಎಲ್ಲ ಇವೆ, ಇಷ್ಟು ಗಿಡ್ಡದ್ದು ಇಲ್ಲ. ಒಂದು ಕಡೆ "ಪೂರ್ತಿ ಹೊಸ ಚಕ್ರ ತಗೊಂಡುಬಿಡಿ ಮೇಡಂ" ಅಂದರು.

ಕೊನೆಗೆ ಪೇಟೆ ಕಡೆಯ ಒಂದು ಗಲ್ಲಿಯಲ್ಲಿ ಹಳೇ ರಿಪೇರಿ ಅಂಗಡಿ ಸಿಕ್ಕಿತು. ಅಂಗಡಿ ಅನ್ನುವುದಕ್ಕಿಂತ ಒಂದು ಕಪಾಟು ಅನ್ನಬೇಕು. ಎಪ್ಪತ್ತು ದಾಟಿದ ಯಜಮಾನರು ಚಕ್ರವನ್ನು ಕೈಗೆ ತಗೊಂಡು, ತಿರುಗಿಸಿ, ಕಡ್ಡಿ ಎಣಿಸಿದರು.

"ಇಪ್ಪತ್ತೇ ಇದೆಯಲ್ಲಮ್ಮ!"

"ಹೌದು ಯಜಮಾನ್ರೇ, ಹಗುರ ಆಗ್ಲಿ ಅಂತ."

"ನಮ್ಮ ಹಳೇ ಸೈಕಲ್‌ಗೆ ಮುಂದೆ ಮೂವತ್ತೆರಡು, ಹಿಂದೆ ನಲವತ್ತು. ಮೂಟೆ ಮೂಟೆ ರಾಗಿ ಹೇರಿದ್ರೂ ಜಪ್ಪಯ್ಯ ಅಂತಿರಲಿಲ್ಲ." ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀವು ಹೇರೋದು ಏನು?"

"ನನ್ನನ್ನೇ. ಮತ್ತೆ ಒಂದು ಊಟದ ಡಬ್ಬಿ."

"ಹಾಗಾದ್ರೆ ತಡೀತದೆ ಬಿಡಿ."

ಮಕ್ಕಳ ಇಪ್ಪತ್ತನಾಲ್ಕು ಇಂಚಿನ ಸೈಕಲ್ಲಿನ ಕಡ್ಡಿ ತಗೊಂಡು, ಅಳತೆಗೆ ಕತ್ತರಿಸಿ, ಕೈಯಲ್ಲಿ ತಿರುಗಿಸುವ ಒಂದು ಪುಟ್ಟ ಯಂತ್ರದಲ್ಲಿ ಒಂದೊಂದಕ್ಕೂ ಹೊಸದಾಗಿ ಥ್ರೆಡ್ ಹಾಕಿದರು. ಆ ಯಂತ್ರದ ಮೇಲೆ ಇದ್ದ ಹೆಸರು ಸವೆದು ಹೋಗಿತ್ತು. ಇಪ್ಪತ್ತು ಕಡ್ಡಿಗೆ ಒಂದೂವರೆ ಗಂಟೆ. ಕಟ್ಟಿದ್ದು ಅಡ್ಡಡ್ಡ ಹೆಣೆಯದೆ, ಹಬ್ಬಿನಿಂದ ರಿಮ್ಮಿಗೆ ನೇರವಾಗಿ, ಸೂರ್ಯನ ಕಿರಣದ ಹಾಗೆ. ಮುಂದಿನ ಚಕ್ರಕ್ಕೆ ಪೆಡಲಿನ ಎಳೆತ ಇಲ್ಲ, ಬ್ರೇಕೂ ರಿಮ್ಮಿನ ಮೇಲೆಯೇ ಹಿಡಿಯುತ್ತದೆ. ಹಾಗಾಗಿ ನೇರ ಕಟ್ಟಿದರೆ ನಡೆಯುತ್ತದೆ. ಬೆಂಡ್ ತೆಗೆಯುವಾಗ ಯಜಮಾನರು ಕಣ್ಣಿನಿಂದ ನೋಡಲಿಲ್ಲ. ಹಳೇ ಫೋರ್ಕೊಂದಕ್ಕೆ ಚಕ್ರ ಸಿಕ್ಕಿಸಿ ತಿರುಗಿಸಿ, ಹೆಬ್ಬೆರಳಿನ ಉಗುರನ್ನು ರಿಮ್ಮಿಗೆ ತಾಗಿಸಿ ಸದ್ದು ಕೇಳುತ್ತಿದ್ದರು. ಸರ್ ಸರ್ ಅಂದಲ್ಲಿ ಕಡ್ಡಿ ಬಿಗಿ. ನಡುವೆ ಒಂದೊಂದು ಕಡ್ಡಿಯನ್ನು ಬೆರಳಿನಿಂದ ಮೀಟಿ ಪಕ್ಕದ್ದರ ನಾದಕ್ಕೆ ಸೇರಿಸುತ್ತಿದ್ದರು, ತಂಬೂರಿ ಶ್ರುತಿ ಮಾಡಿದ ಹಾಗೆ. 350 ರೂಪಾಯಿ ತಗೊಂಡರು. ನಾನು 500 ಕೊಟ್ಟರೆ ಚಿಲ್ಲರೆ ವಾಪಸ್ ಕೊಟ್ಟರು. ಆ ಚಕ್ರ ಇಂದಿಗೂ ಅಲ್ಲಾಡಿಲ್ಲ. ರೆಡಿಮೇಡ್ ಬಂದ ಹಿಂದಿನ ಚಕ್ರಕ್ಕೆ ಎರಡು ಸಲ ಬೆಂಡ್ ತೆಗೆಸಿಯಾಯಿತು.

ಗೇರಿನ ಲೆಕ್ಕಕ್ಕೆ ಒಂದು ರಾತ್ರಿ ಕೂತೆ. ಹನುಮಂತನಗರ ಗೊತ್ತಿದ್ದವರಿಗೆ ಅಲ್ಲಿನ ಏರು ಗೊತ್ತು. ರಾಮಾಂಜನೇಯ ಗುಡ್ಡದ ಆಸುಪಾಸಿನ ಕೆಲವು ರಸ್ತೆಗಳಲ್ಲಿ ಆಟೋಗಳೂ ನರಳುತ್ತವೆ. ಪುಟ್ಟ ಚಕ್ರದ ಸೈಕಲ್ಲಿಗೆ ಮುಂದೆ ದೊಡ್ಡ ಹಲ್ಲುಚಕ್ರ ಹಾಕುತ್ತಾರೆ, ಇಲ್ಲದಿದ್ದರೆ ಎಷ್ಟು ತುಳಿದರೂ ಮುಂದೆ ಹೋಗುವುದಿಲ್ಲ. ನನ್ನದಕ್ಕೆ ಇದ್ದದ್ದು 52 ಹಲ್ಲು. ಹಿಂದೆ ಹೊಸ ಒಂಬತ್ತು ಗೇರಿನ ಕ್ಯಾಸೆಟ್ಟು, ಅಂದರೆ ಹಲ್ಲುಚಕ್ರಗಳ ಗೊಂಚಲು, 11ರಿಂದ 28 ಹಲ್ಲಿನ ತನಕ. ಹಿಂದೆ ಇನ್ನೂ ದೊಡ್ಡದು, 32 ಹಲ್ಲಿನದು ಹಾಕಿ ಏರು ಸುಲಭ ಮಾಡೋಣ ಅಂದರೆ ಅದಕ್ಕೆ ಉದ್ದ ತೋಳಿನ ಡಿರೇಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಬೇಕು. ಚಕ್ರವೇ ಗಿಡ್ಡ, ಉದ್ದ ತೋಳು ನೆಲಕ್ಕೆ ಹತ್ತಿರ ಜೋತುಬೀಳುತ್ತದೆ. ನಮ್ಮ ರಸ್ತೆಯ ಹಂಪ್‌ಗಳಿಗೆ ಅದು ಎಷ್ಟು ದಿನ? ಹಾಗಾಗಿ ಹಿಂದೆ 28ಕ್ಕೇ ನಿಲ್ಲಿಸಿ, ಮುಂದೆ 48 ಹಲ್ಲು ಹಾಕಿದೆ. ಈ ಚಕ್ರ ಒಂದು ಸುತ್ತಿಗೆ ಸುಮಾರು ಒಂದೂವರೆ ಮೀಟರ್ ಹೋಗುತ್ತದೆ. ಅತಿ ಹಗುರ ಗೇರಿನಲ್ಲಿ ಪೆಡಲಿನ ಒಂದು ಸುತ್ತಿಗೆ ಎರಡೂವರೆ ಮೀಟರ್, ಅತಿ ಭಾರದ್ದರಲ್ಲಿ ಆರೂವರೆ. ಪೂರ್ತಿ ವೇಗದಲ್ಲಿ ತುಳಿದರೆ ಗಂಟೆಗೆ 35 ಕಿ.ಮೀ. ನನಗೆ ಅಷ್ಟು ಸಾಕು. ಡಬಲ್ ರೋಡ್‌ನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಕಾರುಗಳೇ ಆ ವೇಗ ಕಾಣುವುದಿಲ್ಲ.

ಸೀಟಿನದು, ಹ್ಯಾಂಡಲ್ಲಿನದು, ಬ್ರೇಕ್ ಲಿವರಿನದು ಹೇಳುವಂಥದ್ದೇನಿಲ್ಲ. ಹಳೆಯದು ಬಿಚ್ಚಿ ಹೊಸದು ಹಾಕಿದೆ, ತೂಗಿದೆ, ಬರೆದಿಟ್ಟೆ.

ಸೀಟ್ ಪೈಪಿನದು ಹೇಳಲೇಬೇಕು.

ಡಾಹೋನಿನ ಸೀಟ್ ಪೈಪು ದಪ್ಪ, 33.9 ಮಿ.ಮೀ. ಹೊಸ ಹಗುರದ ಪೈಪಿನ ಉದ್ದ 58 ಸೆಂ.ಮೀ. ನಾನು ಐದಡಿ ಎರಡಿಂಚು. ಸೀಟನ್ನು ನನ್ನ ಎತ್ತರಕ್ಕೆ ಇಟ್ಟಾಗ ಪೈಪು ಫ್ರೇಮಿನ ಒಳಗೆ ಬೇಕಾದ್ದಕ್ಕಿಂತ ತುಂಬ ಜಾಸ್ತಿ ಇಳಿದಿರುತ್ತದೆ. ಸುಮ್ನೆ ಯಾಕೆ ಹೊರಬೇಕು? ಗರಗಸ ತಗೊಂಡು ಕೆಳಗಿನಿಂದ 5 ಸೆಂ.ಮೀ. ಕತ್ತರಿಸಿದೆ. ತುಂಡನ್ನು ತೂಗಿದೆ, 30 ಗ್ರಾಂ. ಹೆಮ್ಮೆ ಆಯಿತು.

ಮರುದಿನ ಆಫೀಸಿನ ಲಿಫ್ಟಿನಲ್ಲಿ ಸೈಕಲ್ಲು ಮಡಚಿ ನಿಲ್ಲಿಸಿದೆ. ಕೈ ಬಿಟ್ಟ ತಕ್ಷಣ ವಾಲಿ ಪಕ್ಕದವರ ಬೂಟಿನ ಮೇಲೆ ಬಿತ್ತು. ಮತ್ತೆ ನಿಲ್ಲಿಸಿದೆ, ಮತ್ತೆ ಬಿತ್ತು. ಮಡಚಿದಾಗ ಸೀಟನ್ನು ಪೂರ್ತಿ ಕೆಳಗಿಳಿಸುತ್ತೇವಲ್ಲ, ಆಗ ಆ ಪೈಪಿನ ತುದಿ ಫ್ರೇಮಿನ ಕೆಳಗಿನಿಂದ ಹೊರಬಂದು ನೆಲಕ್ಕೆ ಊರಿಕೊಳ್ಳುತ್ತದೆ. ಮಡಚಿದ ಸೈಕಲ್ಲಿಗೆ ಅದೇ ಮೂರನೇ ಕಾಲು. ನಾನು ಕತ್ತರಿಸಿದ್ದು ಆ ಕಾಲನ್ನು.

ಹೊಸ ಪೈಪಿಗೆ ಮತ್ತೆ ಯಾರನ್ನು ಕಾಡುವುದು? ರಬ್ಬರ್ ಬುಷ್ ಹುಡುಕಿದೆ. ಕುರ್ಚಿ ಕಾಲಿಗೆ ಹಾಕುವಂಥದ್ದು ಪೈಪಿನ ಹೊರಗೆ ಕೂರುತ್ತದೆ. ಅದನ್ನು ಹಾಕಿದರೆ ಪೈಪು ಮತ್ತೆ ಮೇಲೆ ಬರುವುದಿಲ್ಲ. ನಮ್ಮ ಬೀದಿಯ ಮೂಲೆಯಲ್ಲಿ ಬಾಗಿಲು ಕಿಟಕಿ ಮಾಡುವ ಬಡಗಿ ಒಬ್ಬರಿದ್ದಾರೆ. ಅವರಿಗೆ ಪೈಪು ತೋರಿಸಿದೆ. ಎರಡು ನಿಮಿಷ ಯೋಚಿಸಿ, ಒಂದು ತೇಗದ ಚೂರು ತಗೊಂಡು ಬಿರಡೆ ಕಡೆದುಕೊಟ್ಟರು. ಅರ್ಧ ಪೈಪಿನೊಳಗೆ ಬಿಗಿಯಾಗಿ ಕೂರುತ್ತದೆ, ಇನ್ನರ್ಧ, ಸರಿಯಾಗಿ 5 ಸೆಂ.ಮೀ., ಪೈಪಿನಷ್ಟೇ ದಪ್ಪಕ್ಕೆ ಹೊರಗಿರುತ್ತದೆ. ಸುತ್ತಿಗೆಯಲ್ಲಿ ನಾಲ್ಕು ಏಟು. ಸೈಕಲ್ಲು ಮತ್ತೆ ನಿಂತಿತು. ಬಿರಡೆಯನ್ನು ಮೊದಲೇ ತೂಗಿದ್ದೆ. 46 ಗ್ರಾಂ.

ಏಪ್ರಿಲ್ ಕೊನೆಗೆ ಎಲ್ಲ ಜೋಡಿಸಿ ಮುಗಿಯಿತು. ಬಾಲ್ಕನಿಯ ಕಂಬಿಗೆ ಕೊಕ್ಕೆ ಹಾಕಿ, ಉಸಿರು ಹಿಡಿದು ನೋಡಿದೆ. 9.8. ಇಳಿಸಿ ಮತ್ತೆ ತೂಗಿದೆ. 9.8. ಫೋಟೋ ತೆಗೆದು ತಮ್ಮನಿಗೆ ಕಳಿಸಿದೆ. ಅವನು ಇಂಗ್ಲೆಂಡಿನ ಬ್ರಾಂಪ್ಟನ್ ಕಂಪನಿಯ ಮಡಚುವ ಟೈಟಾನಿಯಂ ಸೈಕಲ್ಲಿನ ಚಿತ್ರ ಕಳಿಸಿದ, 2022ರಲ್ಲಿ ಬಂದದ್ದು, 7.45 ಕೆಜಿಯಿಂದ ಶುರು. ತಮ್ಮಂದಿರು ಇರುವುದೇ ಇದಕ್ಕೆ. ಖರ್ಚು ಸೈಕಲ್ಲು ಬಿಟ್ಟು 38 ಸಾವಿರ ದಾಟಿದಾಗ ಬರೆದಿಡುವುದು ನಿಲ್ಲಿಸಿದ್ದೆ. ಮೇಲೆ ಎಷ್ಟಾಯಿತು ಅಂತ ಕೇಳಬೇಡಿ.

ಓಡಿಸಿದರೆ ಹೇಗಿತ್ತು? ನಿಜ ಹೇಳುತ್ತೇನೆ. ಏರಿನಲ್ಲಿ ನಾನು ನಿರೀಕ್ಷೆ ಮಾಡಿದ್ದ ಪವಾಡ ಆಗಲಿಲ್ಲ. ಲೆಕ್ಕ ಹಾಕಿದರೆ ಆಗಬಾರದು ಕೂಡ. ನಾನು, ಚೀಲ, ಹಳೇ ಸೈಕಲ್ಲು ಎಲ್ಲ ಸೇರಿ 80 ಕೆಜಿ ಹತ್ತಿರ ಇದ್ದದ್ದು ಈಗ 76. ನೂರಕ್ಕೆ ಐದು. ಕಾಲಿಗೆ ಅದು ಗೊತ್ತಾಗುವುದು ಕಷ್ಟ. ಚೆನ್ನಾಗಿ ಗೊತ್ತಾದದ್ದು ಟೈರು. ಹಳೆಯವು ತಂತಿ ಅಂಚಿನ, ದಪ್ಪ ರಬ್ಬರಿನ ಟೈರು. ಹೊಸವು ಷ್ವಾಲ್ಬೆ ಕೋಜಾಕ್, 35 ಮಿ.ಮೀ. ಅಗಲ, ಮೈಮೇಲೆ ಗೆರೆಯೇ ಇಲ್ಲದ ನುಣುಪು ಟೈರು, ಕರ್ಚೀಫಿನ ಹಾಗೆ ಮಡಚಬಹುದು. ಸಿಗ್ನಲ್ಲಿನಲ್ಲಿ ಹಸಿರು ಬಿದ್ದಾಗ ಸೈಕಲ್ಲು ನನಗಿಂತ ಮೊದಲೇ ಹೊರಟ ಹಾಗೆ ಅನ್ನಿಸಿತು. ಯಾರಾದರೂ ನನ್ನನ್ನು ಕೇಳಿದರೆ ಮೊದಲು ಟೈರು ಬದಲಾಯಿಸಿ, ಒಂದು ತಿಂಗಳು ಓಡಿಸಿ, ಆಮೇಲೂ ಹುಚ್ಚು ಉಳಿದಿದ್ದರೆ ಮಿಕ್ಕಿದ್ದು ಮಾಡಿ ಅನ್ನುತ್ತೇನೆ.

ಆ ಟೈರು ಹನ್ನೊಂದು ದಿನ ಚೆನ್ನಾಗಿತ್ತು. ಹನ್ನೆರಡನೇ ದಿನ ಲಾಲ್‌ಬಾಗ್ ಪಶ್ಚಿಮ ದ್ವಾರದ ಹತ್ತಿರ ಒಂದು ಗುಂಡಿ. ದೊಡ್ಡ ಚಕ್ರ ಗುಂಡಿಯ ಮೇಲೆ ಹಾದು ಹೋಗುತ್ತದೆ, ಪುಟ್ಟ ಚಕ್ರ ಒಳಗೆ ಇಳಿಯುತ್ತದೆ. ಟಪ್ ಅಂತ ಸದ್ದು. ತಳ್ಳಿಕೊಂಡು ಪಂಕ್ಚರ್ ಅಂಗಡಿಗೆ ಹೋದೆ. ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ತೂತು. ರಿಮ್ಮಿಗೂ ರಸ್ತೆಗೂ ನಡುವೆ ಟ್ಯೂಬು ಜಜ್ಜಿದಾಗ ಹಾಗಾಗುತ್ತದೆ.

"ಮಕ್ಕಳ ಸೈಕಲ್ ಟ್ಯೂಬ್ ಇದೆ ಮೇಡಂ, ಇಪ್ಪತ್ತಿಂಚು. ಹಾಕಿಬಿಡ್ಲಾ?" ಅಂದ ಅಂಗಡಿ ಹುಡುಗ. ಟೈರಿನ ಸೈಜು ಹೊಂದುತ್ತಿತ್ತು. ಆದರೆ ಅದರ ವಾಲ್ವಿನ ಕಡ್ಡಿ ದಪ್ಪ, ನನ್ನ ರಿಮ್ಮಿನ ತೂತು ತೆಳ್ಳನೆಯ ಪ್ರೆಸ್ಟಾ ವಾಲ್ವಿನದು. ಹೋಗಲಿಲ್ಲ. "ಡ್ರಿಲ್ ಹೊಡೀಲಾ?" ಅಂದ. ನಾನು ಕಿರುಚಿದ ಸದ್ದಿಗೆ ಪಕ್ಕದ ಎಳನೀರಿನವರು ತಿರುಗಿ ನೋಡಿದರು. ಕೊನೆಗೆ ಸಲ್ಯೂಷನ್ ಹಚ್ಚಿ ಎರಡು ಪ್ಯಾಚ್ ಹಾಕಿದ. ಗಾಳಿ ತುಂಬಲು ಅವನ ಪಂಪು ಕೂರಲಿಲ್ಲ. ಪ್ರೆಸ್ಟಾದಿಂದ ಮಾಮೂಲಿ ವಾಲ್ವಿಗೆ ಹೊಂದಿಸುವ ಹಿತ್ತಾಳೆಯ ಪುಟ್ಟ ಅಡಾಪ್ಟರ್ ಬರುತ್ತದೆ. ಅದು ಮನೆಯ ಡ್ರಾಯರಿನಲ್ಲಿ ಭದ್ರವಾಗಿತ್ತು. ಸೈಕಲ್ಲು ಮಡಚಿ ಆಟೋದಲ್ಲಿ ಹಾಕಿಕೊಂಡು ಬಂದೆ. ಈಗ ಅಡಾಪ್ಟರು ಮನೆ ಬೀಗದ ಕೈಗೊಂಚಲಿನಲ್ಲಿದೆ.

ಅದೇ ತಿಂಗಳು ಇನ್ನೊಂದು ಸಲ ಹೀಗೇ ಆಯಿತು. ಸಾಕಾಯಿತು. 40 ಮಿ.ಮೀ. ಅಗಲದ, ಸ್ವಲ್ಪ ದಪ್ಪನೆಯ ಟೈರು, ಅದಕ್ಕೆ ಸರಿಯಾದ ಟ್ಯೂಬು ಹಾಕಿದೆ. ಕಾಲು ಕೆಜಿ ವಾಪಸ್ ಬಂತು. ತೂಗಿದರೆ 10.05. ಒಂದಂಕಿಯ ಸಂಸಾರ ಒಂದು ತಿಂಗಳಿಗೆ ಮುಗಿಯಿತು. ಆ 50 ಗ್ರಾಂ ಎಲ್ಲಿಂದ ತೆಗೆಯಲಿ ಅಂತ ಎರಡು ದಿನ ಒದ್ದಾಡಿದೆ. ತೇಗದ ಬಿರಡೆ ತೆಗೆದರೂ 10ರ ಮೇಲೆಯೇ ನಿಲ್ಲುತ್ತದೆ ಅಂತ ಗೊತ್ತಾದಾಗ ಬಿಟ್ಟುಬಿಟ್ಟೆ. ಜೂನ್ ಮೊದಲ ಮಳೆಗೆ ಬೆನ್ನ ಮೇಲೆ ಕೆಸರಿನ ನಾಮ ಎಳೆದುಕೊಂಡು ಆಫೀಸಿಗೆ ಹೋದವಳು ಅವತ್ತೇ ಸಂಜೆ ಹಗುರದ ಪ್ಲಾಸ್ಟಿಕ್ ಮಡ್‌ಗಾರ್ಡು ತಂದೆ. ಆಮೇಲೆ ದೀಪ. ಆಮೇಲೆ ಬೆಲ್ಲು. ಈಗ 10.5 ಇದೆ.

ಮೆಟ್ಟಿಲಿನ ಮಾತಿಗೆ ಬಂದರೆ, ಮೂರು ಕೆಜಿ ಇಳಿದದ್ದು ಖಂಡಿತ ಗೊತ್ತಾಗುತ್ತದೆ. ರಸ್ತೆಯಲ್ಲಿ ಸಿಗದ ಲಾಭ ಇಲ್ಲಿ ಸಿಗುತ್ತದೆ, ಯಾಕೆಂದರೆ ಇಲ್ಲಿ ಸೈಕಲ್ಲಿನ ಭಾರ ಮಾತ್ರ ಕೈಗೆ ಬರುತ್ತದೆ. ಆದರೂ ಮೊಣಕಾಲಿಗೆ ತಾಗುವುದು ನಿಂತಿರಲಿಲ್ಲ. ಒಂದು ದಿನ ಮಗಳ ಹಳೇ ಸ್ಕೂಲ್ ಬ್ಯಾಗಿನ ಪಟ್ಟಿ ಕಣ್ಣಿಗೆ ಬಿತ್ತು. ಕತ್ತರಿಸಿ, ಒಂದು ತುದಿಯನ್ನು ಸೀಟಿನ ಬುಡಕ್ಕೆ, ಇನ್ನೊಂದನ್ನು ಫ್ರೇಮಿನ ಕೀಲಿನ ಪಕ್ಕಕ್ಕೆ ಕಟ್ಟಿದೆ. ಹೆಗಲಿಗೆ ಹಾಕಿ, ಚೈನು ಇರುವ ಕಡೆಯನ್ನು ಹೊರಗೆ ತಿರುಗಿಸಿ, ಒಂದು ಕೈಯಲ್ಲಿ ಸುಮ್ನೆ ಹಿಡಿದುಕೊಂಡರೆ ಸೈಕಲ್ಲು ಸೊಂಟದ ಹತ್ತಿರ ನಿಲ್ಲುತ್ತದೆ. ಕೊಡ ಹೊತ್ತ ಹಾಗೆ. ಮೊಣಕಾಲಿಗೆ ತಾಗುವುದಿಲ್ಲ, ಬಟ್ಟೆಗೆ ಗ್ರೀಸಿಲ್ಲ, ನಡುವೆ ನಿಲ್ಲುವುದೂ ಬೇಡ. ಪಟ್ಟಿಯ ತೂಕ 60 ಗ್ರಾಂ, ಖರ್ಚು ಏನೂ ಇಲ್ಲ. ಈ ಪಟ್ಟಿ ಜನವರಿಯಲ್ಲೇ ಹೊಳೆದಿದ್ದರೆ ನಾನು ಆ ಸೂಟ್‌ಕೇಸ್ ತರಿಸುತ್ತಿದ್ದೆನಾ? ತರಿಸುತ್ತಿದ್ದೆ ಅಂತಲೇ ಕಾಣುತ್ತದೆ.

ಹೋದ ವಾರ ಸಂಜೆ ಗೇಟಿನ ಹತ್ತಿರ ಸೈಕಲ್ಲು ಮಡಚುತ್ತಿದ್ದೆ. ಹ್ಯಾಂಡಲ್ ಕಂಬ ಕೆಳಗೆ, ಫ್ರೇಮು ಅರ್ಧಕ್ಕೆ, ಸೀಟು ಒಳಕ್ಕೆ. ತೇಗದ ಬಿರಡೆ ಟಕ್ ಅಂತ ನೆಲಕ್ಕೆ ಊರಿತು. ಓನರ್ ಆಂಟಿ ತುಳಸಿ ಗಿಡಕ್ಕೆ ನೀರು ಹಾಕುತ್ತಾ ನೋಡುತ್ತಿದ್ದರು.

"ಇಷ್ಟೇ ಇಷ್ಟು ಆಗತ್ತಾ ಅದು?"

"ಹೂಂ ಆಂಟಿ."

"ಅಯ್ಯೋ, ಮೊದಲೇ ಹೇಳಬಾರದಾ? ಇಷ್ಟಕ್ಕೆ ಯಾರು ಬೇಡ ಅಂತಾರೆ? ಆ ಸಿಲಿಂಡರ್ ಪಕ್ಕ ಇಡು, ದಿನಾ ಯಾಕೆ ಹೊತ್ತುಕೊಂಡು ಒದ್ದಾಡ್ತೀಯ?"

ಮೆಟ್ಟಿಲ ಕೆಳಗಿನ ಜಾಗ ನೋಡಿದೆ. ಸಿಲಿಂಡರಿಗೂ ಒರಳುಕಲ್ಲಿಗೂ ನಡುವೆ ಸರಿಯಾಗಿ ಹಿಡಿಯುತ್ತದೆ. ಗೇಟಿನ ಕಡೆ ನೋಡಿದೆ. ಅದಕ್ಕೆ ಹಗಲು ಹೊತ್ತು ಬೀಗ ಹಾಕುವುದಿಲ್ಲ. ಸಿಂಗಪುರದ ಹಬ್ಬು, ಯಜಮಾನರು ಕಟ್ಟಿದ ಇಪ್ಪತ್ತು ಕಡ್ಡಿ, ಬರೆದಿಡುವುದು ನಿಲ್ಲಿಸಿದ ಲೆಕ್ಕ, ಎಲ್ಲ ಕಣ್ಣ ಮುಂದೆ ಬಂತು.

"ಪರವಾಗಿಲ್ಲ ಆಂಟಿ, ಹಗುರ ಇದೆ" ಅಂದೆ. ಪಟ್ಟಿ ಹೆಗಲಿಗೆ ಹಾಕಿಕೊಂಡು ಹತ್ತಲು ಶುರು ಮಾಡಿದೆ.